ಅಪ್‌ಡೇಟ್: ಅಮ್ಮನಿಗೆ ಲೇಟೆಕ್ಸ್ ಹಾಸಿಗೆ ಕೊನೆಗೂ ಬಂತು

ಅಮ್ಮನ ಸೊಂಟನೋವಿಗೆ ಲೇಟೆಕ್ಸ್ (ರಬ್ಬರ್ ಫೋಮ್) ಹಾಸಿಗೆ ಎಲ್ಲಿ ತಗೊಳ್ಳಲಿ ಅಂತ ಹೋದ ತಿಂಗಳು ಕೇಳಿದ್ದೆ ಅಲ್ವಾ, ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. ಬೆಂಗಳೂರಿನಲ್ಲಿ ಮೂರು ಅಂಗಡಿ ಸುತ್ತಿದೆವು. ಒಂದು ಕಡೆ ಪೂರ್ತಿ ನ್ಯಾಚುರಲ್ ಅಂತ ಹೇಳಿ ತುಂಬ ಕಡಿಮೆ ರೇಟು ಹೇಳಿದರು, ಕವರಿನ ಜಿಪ್ ತೆಗೆಸಿ ನೋಡಿದರೆ ಮೇಲೆ ಎರಡು ಇಂಚು ಮಾತ್ರ ಲೇಟೆಕ್ಸ್, ಕೆಳಗೆಲ್ಲ ಮಾಮೂಲಿ ಫೋಮ್! ತುಂಬ ಬೇಜಾರಾಯಿತು. ದಯವಿಟ್ಟು ಜಿಪ್ ತೆಗೆಸದೆ ದುಡ್ಡು ಕೊಡಬೇಡಿ, ಡೆನ್ಸಿಟಿ (ಲೇಟೆಕ್ಸ್ ಎಷ್ಟು ದಟ್ಟವಾಗಿದೆ ಅನ್ನೋ ಅಳತೆ) ಎಷ್ಟು ಅಂತ ಬಿಲ್ಲಿನಲ್ಲೇ ಬರೆಸಿಕೊಳ್ಳಿ.

ಕೊನೆಗೆ ಕೇರಳದ ರಬ್ಬರ್ ಹಾಲಿನಿಂದ ಮಾಡಿದ, 6 ಇಂಚು ದಪ್ಪದ, 78x60 ಇಂಚು ಅಳತೆಯದು ತಗೊಂಡೆವು. ದುಡ್ಡು ಜಾಸ್ತಿಯೇ ಆಯಿತು. ಎತ್ತಲು ಇಬ್ಬರು ಬೇಕು, ಅಷ್ಟು ಭಾರ. ನಾಲ್ಕು ದಿನ ರಬ್ಬರ್ ವಾಸನೆ ಇತ್ತು, ಕಿಟಕಿ ತೆಗೆದಿಟ್ಟ ಮೇಲೆ ಹೋಯಿತು. ಅಮ್ಮ ಈಗ ನಡುರಾತ್ರಿ ಎದ್ದು ಕೂರುತ್ತಿಲ್ಲ.