ಬಿಸಿಲು ಬೇಕಾದಷ್ಟಿದೆ, ಬ್ಯಾಂಕು ಯಾಕೆ ಹಿಂಜರಿಯುತ್ತದೆ?

ಪ್ರಶ್ನೆ (ಕುಷ್ಟಗಿ): ನಮಸ್ಕಾರ್ರೀ ಸರ್. ನಾವು ಐದು ಮಂದಿ ರೈತರು ಕೂಡಿ ಹತ್ತು ಎಕರೆದಾಗ, ರೈತರ ಸೋಲಾರಿಗಂತ ಕೇಂದ್ರ ತಂದ ಕುಸುಮ್ ಯೋಜನೆಯ 2 ಮೆಗಾವಾಟ್ ಸೋಲಾರ್ ಹಾಕಬೇಕಂತ ಮಾಡೀವಿ. ಕರೆಂಟು ನಮ್ಮ ಕಡಿ ವಿದ್ಯುತ್ ಕಂಪನಿ ಜೆಸ್ಕಾಂಗೆ ಮಾರೋದು, 25 ವರ್ಷದ ಒಪ್ಪಂದ. ಬ್ಯಾಂಕಿನವ್ರು ‘ರಿಸ್ಕ್ ಜಾಸ್ತಿ’ ಅಂತ ಮನಿ, ಉಳಿದ ಹೊಲ ಎಲ್ಲಾ ಅಡವು ಕೇಳ್ತಾರ. ಬಿಸಿಲಿಗೇನ್ ಬರ ಐತೇನ್ರೀ ಇಲ್ಲಿ? ರಿಸ್ಕ್ ಹೆಂಗ ಕಡಿಮಿ ಮಾಡೋದು?

ಉತ್ತರ (ಯೋಜನಾ ಸಾಲದ ಸಲಹೆಗಾರರು): ಬಿಸಿಲಿನ ಚಿಂತೆ ಬ್ಯಾಂಕಿಗೂ ಅಷ್ಟಿಲ್ಲ ಯಜಮಾನ್ರೆ. ಬಿಲ್ಲಿನ ದುಡ್ಡು ಯಾವಾಗ ಬರುತ್ತದೆ ಅನ್ನೋದೇ ಚಿಂತೆ. ಉದಾಹರಣೆಗೆ ಒಂದು ಲೆಕ್ಕ: ವೆಚ್ಚ 8 ಕೋಟಿ, ಸಾಲ 5.6 ಕೋಟಿ, ಬಡ್ಡಿ 10%, ಅವಧಿ 15 ವರ್ಷ. ವರ್ಷದ ಕಂತು ಸುಮಾರು 74 ಲಕ್ಷ. 33 ಲಕ್ಷ ಯೂನಿಟ್ಟಿಗೆ 3.10 ರೂಪಾಯಿಯಂತೆ 1.02 ಕೋಟಿ ಬಂದರೂ, ನಿರ್ವಹಣೆಗೆ 12 ಲಕ್ಷ ಕಳೆದು ಕೈಗೆ 90 ಲಕ್ಷ. ಕಂತು ಕಟ್ಟಿದ ಮೇಲೆ ಉಳಿಯೋದು 16 ಲಕ್ಷ. ನಾಲ್ಕು ತಿಂಗಳ ಬಿಲ್ಲು ನಿಂತರೆ ಸಿಕ್ಕಿಬೀಳೋದು 34 ಲಕ್ಷ. ಕಂತು ತಪ್ಪೋದು ಇಲ್ಲೇ.

ಹಾಗಾಗಿ ಒಪ್ಪಂದದಲ್ಲಿ ಮೊದಲು ಲೆಟರ್ ಆಫ್ ಕ್ರೆಡಿಟ್ ಹುಡುಕಿ, ಅಂದರೆ ಜೆಸ್ಕಾಂ ಬಿಲ್ಲು ಕಟ್ಟದಿದ್ದರೆ ಅದರ ಬ್ಯಾಂಕೇ ಕಟ್ಟುವ ಖಾತರಿ ಪತ್ರ. ಕನಿಷ್ಠ ಒಂದು ತಿಂಗಳ ಬಿಲ್ಲಿನಷ್ಟಾದರೂ ಇರಲಿ, ಖರ್ಚಾದಾಗ ಮತ್ತೆ ತುಂಬಬೇಕೆಂಬ ಷರತ್ತೂ ಇರಲಿ. ತಡವಾದ ಪಾವತಿಗೆ ದಂಡ ಹಾಕುವ ಕೇಂದ್ರದ ನಿಯಮ 2022ರಲ್ಲಿ ಬಂದಿದೆ. ಅದು ನಿಮ್ಮ ಒಪ್ಪಂದದಲ್ಲಿ ಹೇಗೆ ಅನ್ವಯವಾಗುತ್ತದೆ, ಕೇಳಿ. ಜೊತೆಗೆ ಆರು ತಿಂಗಳ ಕಂತು, ಅಂದರೆ 37 ಲಕ್ಷ, ಬೇರೆ ಖಾತೆಯಲ್ಲಿ ಮೀಸಲಿಟ್ಟು, ಜೆಸ್ಕಾಂ ಹಣ ನೇರ ಬ್ಯಾಂಕಿನ ನಿಗಾ ಖಾತೆಗೇ (ಮೊದಲು ಕಂತು ಕಳೆದು, ಉಳಿದದ್ದು ನಿಮಗೆ ಬಿಡುವ ಖಾತೆ) ಬರುವಂತೆ ಮಾಡಿ. ಮನೆ ಅಡವು ಬಿಡಿಸಲು ವಾದ ಮಾಡೋಕೆ ಇದೇ ನಿಮ್ಮ ಬಲ.

ಇನ್ನೊಂದನ್ನು ಬಹಳ ಜನ ಮರೀತಾರೆ. ಸಬ್‌ಸ್ಟೇಷನ್‌ನಲ್ಲಿ ಲೈನ್ ಬಂದ್ ಆದರೆ ನಿಮ್ಮ ಪ್ಲಾಂಟೂ ನಿಲ್ಲುತ್ತದೆ. ಕಳೆದ ವರ್ಷದ ಲಾಗ್‌ಬುಕ್ ನೋಡಿ ಹಗಲಿನ ನಿಲುಗಡೆ ಎಷ್ಟು ಗಂಟೆ ಅಂತ ಎಣಿಸಿ. ಆ ನಷ್ಟ ಯಾರ ತಲೆಗೆ ಅನ್ನೋದು ಒಪ್ಪಂದದಲ್ಲಿ ಬರೆದಿರಬೇಕು.

ಪ್ರಶ್ನೆ (ಸಿಂಧನೂರು): ಸರ್ಕಾರ ಬದಲಾಗಿ ದರ ಇಳಿಸಿದ್ರೆ ಏನ್ ಮಾಡೋದು ಸರ್? ಇನ್ನೊಂದು, ಹೊರದೇಶದ ನಿಧಿಯಿಂದ 6% ಡಾಲರ್ ಸಾಲ ಕೊಡಿಸ್ತೀವಿ ಅಂತಾರ ಒಬ್ಬರು.

ಉತ್ತರ: ಭಯ ಸುಳ್ಳಲ್ಲ. 2019ರಲ್ಲಿ ಪಕ್ಕದ ಆಂಧ್ರದಲ್ಲಿ ಹಳೇ ಒಪ್ಪಂದಗಳ ದರ ಇಳಿಸಲು ಸರ್ಕಾರ ಹೊರಟಿತ್ತು. 2022ರ ಮಾರ್ಚ್‌ನಲ್ಲಿ ಹೈಕೋರ್ಟು ಕಂಪನಿಗಳ ಪರ ತೀರ್ಪು ಕೊಟ್ಟಿತು, ಆದರೆ ಅಲ್ಲಿವರೆಗೂ ಬ್ಯಾಂಕಿನ ಕಂತು ಕಟ್ಟಲೇಬೇಕಿತ್ತು. ದೊಡ್ಡ ಹೂಡಿಕೆದಾರರು ಇಂಥದ್ದಕ್ಕೆ ವಿಶ್ವಬ್ಯಾಂಕ್ ಸಮೂಹದ ಮಿಗಾದಂಥ ಕಡೆ ವಿಮೆ ಮಾಡಿಸ್ತಾರೆ. 2 ಮೆಗಾವಾಟಿಗೆ ಅದು ಹೊಂದೋದಿಲ್ಲ. ಮೇಲೆ ಹೇಳಿದ ಮೀಸಲೇ ಗತಿ.

ಡಾಲರ್ ಸಾಲ ಬೇಡ. ನಿಮ್ಮ ಬಿಲ್ಲು ರೂಪಾಯಿಯಲ್ಲಿ. 2011ರ ಮಧ್ಯದಲ್ಲಿ ಡಾಲರಿಗೆ ಸುಮಾರು 45 ರೂಪಾಯಿ, 2022ರ ಕೊನೆಗೆ 82 ದಾಟಿತ್ತು. ರೂಪಾಯಿ ವರ್ಷಕ್ಕೆ 4% ಇಳಿದರೂ 6% ಬಡ್ಡಿ 10% ಆಗುತ್ತದೆ. ಡಾಲರ್ ಬೆಲೆಯ ಏರಿಳಿತಕ್ಕೆ ರಕ್ಷಣೆ ಕೊಂಡರೆ ಆ ಖರ್ಚೂ ಬಡ್ಡಿಯ ಮೇಲೆ ಕೂಡುತ್ತದೆ. ಅಂಥ ನಿಧಿ ನಿಜವಾಗಿ ನೆರವಾಗೋದು ಸ್ಥಳೀಯ ಬ್ಯಾಂಕಿಗೆ ಭಾಗಶಃ ಖಾತರಿ ಕೊಟ್ಟಾಗ, ಅಂದರೆ ಸಾಲ ಮುಳುಗಿದರೆ ಮೊದಲ ಪಾಲಿನ ನಷ್ಟ ಅವರು ಹೊತ್ತುಕೊಂಡು ಸಾಲ ರೂಪಾಯಿಯಲ್ಲೇ ಸಿಕ್ಕಾಗ.

ಉತ್ತರ (ಸಿವಿಲ್ ಎಂಜಿನಿಯರ್, ಬಳ್ಳಾರಿ): ಒಂದು ಮಾತು ಸೇರಿಸ್ತೀನಿ. ಹೊಲ ಎರೆಯೋ (ಕಪ್ಪು ಮಣ್ಣು) ಮಸಾರಿಯೋ (ಕೆಂಪು ಮಣ್ಣು)? ಎರೆ ಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಬಿರುಕು ಬಿಟ್ಟು ಕಂಬಗಳನ್ನು ಮೇಲೆತ್ತುತ್ತದೆ; ಸಾಲು ವಾಲಿ ಪ್ಯಾನಲ್ ಸೀಳುತ್ತವೆ. ಮಣ್ಣು ಪರೀಕ್ಷೆ ಮಾಡಿಸಿ, ಕಂಬ ಎಳೆದು ನೋಡೋ ಪರೀಕ್ಷೆಯನ್ನೂ ಅಲ್ಲೇ ಮಾಡಿಸಿ. ಪಹಣಿಯಲ್ಲಿ ಬೆಳೆಸಾಲದ ಭಾರ ಇದ್ದರೆ ಮೊದಲು ತೀರಿಸಿ, ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲರ ಸಹಿ ಹಾಕಿಸಿ ಪ್ಲಾಂಟಿಗೆ ಕೊಡುವ ಹೊಲದ ಗುತ್ತಿಗೆ ನೋಂದಾಯಿಸಿ. ಸರ್ಕಾರ ಮಂಜೂರು ಮಾಡಿದ ಪರಿಶಿಷ್ಟರ ಜಮೀನಾದರೆ, ಅಂಥ ಜಮೀನಿನ ಪರಭಾರೆ ತಡೆಯುವ 1978ರ ಕಾಯ್ದೆ ಅಡ್ಡ ಬರುತ್ತದೆ, ಅದಕ್ಕೆ ಮೊದಲೇ ವಕೀಲರನ್ನು ಕಾಣಿ.