ಪಟ್ಟಿ ಬಿಗಿದಷ್ಟೂ ಸಿಪ್ಯಾಪ್ ಮಾಸ್ಕ್‌ನಿಂದ ಗಾಳಿ ಸೋರುತ್ತಿದೆ, ಏನು ಮಾಡಬೇಕು?

ಪ್ರಶ್ನೆ

ನಮ್ಮ ತಂದೆಯವರಿಗೆ ತೀವ್ರ ಸ್ಲೀಪ್ ಅಪ್ನಿಯಾ (ನಿದ್ದೆಯಲ್ಲಿ ಆಗಾಗ ಉಸಿರು ನಿಲ್ಲುವ ತೊಂದರೆ) ಇರುವುದು ನಿದ್ರಾ ಪರೀಕ್ಷೆಯಲ್ಲಿ ತಿಳಿದ ಮೇಲೆ, ಮೂರು ತಿಂಗಳಿಂದ ಅವರು ಮಾಸ್ಕ್ ಮೂಲಕ ಗಾಳಿಯ ಒತ್ತಡ ಕೊಟ್ಟು ಗಂಟಲನ್ನು ತೆರೆದಿಡುವ ಆಟೋ ಸಿಪ್ಯಾಪ್ ಯಂತ್ರ ಹಾಕಿಕೊಂಡು ಮಲಗುತ್ತಿದ್ದಾರೆ. ಒತ್ತಡವನ್ನು ವೈದ್ಯರು 6ರಿಂದ 14ರವರೆಗೆ (ಸೆಂ.ಮೀ. ನೀರಿನ ಅಳತೆಯಲ್ಲಿ) ನಿಗದಿಪಡಿಸಿದ್ದಾರೆ. ಮಾಸ್ಕ್ ಮೂಗನ್ನಷ್ಟೇ ಮುಚ್ಚುವಂಥದ್ದು. ಮೊದಲ ಎರಡು ಗಂಟೆ ಯಾವ ತೊಂದರೆಯೂ ಇರುವುದಿಲ್ಲ. ನಡುರಾತ್ರಿಯ ನಂತರ ಮಾಸ್ಕ್‌ನ ಮೇಲ್ತುದಿಯಿಂದ ಸುಯ್ಯೆಂದು ಗಾಳಿ ಹೊರಟು ನೇರವಾಗಿ ಬಲಗಣ್ಣಿಗೆ ಬೀಸುತ್ತದೆ, ಅವರು ನಿದ್ದೆಗಣ್ಣಿನಲ್ಲೇ ಪಟ್ಟಿಯನ್ನು ಇನ್ನಷ್ಟು ಎಳೆದು ಬಿಗಿಮಾಡಿಕೊಳ್ಳುತ್ತಾರೆ, ಅರ್ಧ ಗಂಟೆಯಲ್ಲಿ ಮತ್ತೆ ಅದೇ ಕಥೆ. ಬೆಳಿಗ್ಗೆ ಏಳುವಾಗ ಮೂಗಿನ ಮೇಲೆ ಕೆಂಪು ಬರೆ ಬಿದ್ದಿರುತ್ತದೆ, ಕಣ್ಣು ಉರಿಯುತ್ತಿರುತ್ತದೆ, ಬಾಯಿ ಒಣಗಿ ನಾಲಗೆ ಅಂಟಿಕೊಂಡಿರುತ್ತದೆ. ಎಎಚ್‌ಐ (ಗಂಟೆಗೆ ಸರಾಸರಿ ಎಷ್ಟು ಬಾರಿ ಉಸಿರು ನಿಂತಿತು ಅಥವಾ ತಗ್ಗಿತು ಎಂಬ ಯಂತ್ರದ ಲೆಕ್ಕ) ಒಂದು ದಿನ 3 ಇದ್ದರೆ ಮರುದಿನ 11 ತೋರಿಸುತ್ತದೆ. ನಿನ್ನೆ ಅವರು ಬೇಸರದಿಂದ ಮಾಸ್ಕ್ ತೆಗೆದಿಟ್ಟು ಹಾಗೆಯೇ ಮಲಗಿಬಿಟ್ಟರು. ಚಿಕಿತ್ಸೆಯನ್ನೇ ಕೈಬಿಟ್ಟಾರೆಂಬ ಭಯ ನನಗೆ. ಮಾಸ್ಕ್ ಬದಲಿಸಬೇಕೇ, ಅಥವಾ ನಾವು ಹಾಕುವ ಕ್ರಮದಲ್ಲೇ ತಪ್ಪಿದೆಯೇ?

ಉತ್ತರ 1

ನಾನು ಒಂಬತ್ತು ವರ್ಷಗಳಿಂದ ಸಿಪ್ಯಾಪ್ ಬಳಸುತ್ತಿದ್ದೇನೆ. ನಿಮ್ಮ ತಂದೆಯವರು ಮಾಡುತ್ತಿರುವುದನ್ನೇ ನಾನೂ ಮೊದಲ ವರ್ಷವಿಡೀ ಮಾಡಿದೆ. ಮಾಸ್ಕ್‌ನಲ್ಲಿ ಮುಖಕ್ಕೆ ತಾಗುವ ಸಿಲಿಕೋನ್ ಕುಶನ್‌ನ ಒಳಅಂಚು ತೆಳುವಾದ ಪೊರೆಯಂತಿರುತ್ತದೆ. ಯಂತ್ರದ ಗಾಳಿ ಅದನ್ನು ಉಬ್ಬಿಸಿ ಮುಖಕ್ಕೆ ಒತ್ತಿ ಹಿಡಿಯುತ್ತದೆ. ಪಟ್ಟಿಯನ್ನು ಅತಿಯಾಗಿ ಬಿಗಿದರೆ ಆ ಪೊರೆ ಚಪ್ಪಟೆಯಾಗಿ ಮಡಚಿಕೊಳ್ಳುತ್ತದೆ, ಮಡಿಕೆಯಿರುವಲ್ಲೆಲ್ಲ ಗಾಳಿಗೆ ದಾರಿಯಾಗುತ್ತದೆ. ಕೆಂಪು ಬರೆ ಬೀಳುತ್ತಿದೆಯೆಂದರೆ ಬಿಗಿತ ಹೆಚ್ಚಾಗಿದೆಯೆಂದೇ ತಿಳಿಯಿರಿ.

ಇವತ್ತು ರಾತ್ರಿ ಎಲ್ಲ ಪಟ್ಟಿಗಳನ್ನೂ ಸಡಿಲಿಸಿ, ಅವರನ್ನು ಮಲಗಿಸಿ, ಯಂತ್ರ ಚಾಲೂ ಮಾಡಿದ ಮೇಲೆಯೇ ಹೊಂದಿಸಲು ತೊಡಗಿ. ಕುಳಿತಾಗ ಇರುವ ಮುಖವೇ ಬೇರೆ, ಮಲಗಿದಾಗ ಕೆನ್ನೆ ಹಿಂದಕ್ಕೆ ಜಾರಿದ ಮುಖವೇ ಬೇರೆ. ಎಡಬಲ ಪಟ್ಟಿಗಳನ್ನು ಸಮವಾಗಿ, ಸೋರುವುದು ನಿಲ್ಲುವವರೆಗೆ ಮಾತ್ರ ಎಳೆಯಿರಿ. ಕೆಳಗಿನ ಪಟ್ಟಿ ಮಾತ್ರ ಬಿಗಿಯಾದರೆ ಮಾಸ್ಕ್ ವಾಲಿಕೊಂಡು ಮೇಲೆ, ಕಣ್ಣಿನ ಹತ್ತಿರ, ಸಂದು ಬೀಳಬಹುದು. ನಡುರಾತ್ರಿ ಸೋರಿದರೆ ಪಟ್ಟಿ ಮುಟ್ಟುವ ಅಗತ್ಯವಿಲ್ಲ: ಗಾಳಿ ಬರುತ್ತಿರುವಾಗಲೇ ಮಾಸ್ಕನ್ನು ಮುಖದಿಂದ ಒಂದು ಬೆರಳಿನಷ್ಟು ಮುಂದಕ್ಕೆ ಎಳೆದು, ಕುಶನ್ ಉಬ್ಬಲು ಬಿಟ್ಟು, ಮೆಲ್ಲನೆ ಮತ್ತೆ ಕೂರಿಸಬೇಕು. ಈ ಒಂದು ಅಭ್ಯಾಸದಿಂದಲೇ ನನ್ನ ನಿದ್ದೆ ಮರಳಿ ಬಂತು. ಕುಶನನ್ನು ಪ್ರತಿದಿನ ಸೌಮ್ಯ ಸೋಪಿನ ನೀರಿನಲ್ಲಿ ತೊಳೆಯುವುದು, ಮಲಗುವ ಮುನ್ನ ಮುಖದ ಜಿಡ್ಡು ತೊಳೆದುಕೊಳ್ಳುವುದು ಕೂಡ ಅಷ್ಟೇ ಮುಖ್ಯ.

ಉತ್ತರ 2

ರೋಗಿಗಳಿಗೆ ಮಾಸ್ಕ್ ಹೊಂದಿಸಿಕೊಡುವುದೇ ನನ್ನ ಕೆಲಸ. ಮೇಲಿನ ಉತ್ತರವನ್ನು ಪೂರ್ತಿ ಒಪ್ಪುತ್ತೇನೆ. ಮೊದಲೆರಡು ಗಂಟೆ ಸರಿಯಿದ್ದು ಆಮೇಲೆ ಸೋರುವುದಕ್ಕೆ ಒತ್ತಡವೇ ಕಾರಣವಿರಬಹುದು. ಆಟೋ ಯಂತ್ರ ಆರಂಭದಲ್ಲಿ ಕಡಿಮೆ ಒತ್ತಡದಲ್ಲಿರುತ್ತದೆ; ಅಂಗಾತ ಮಲಗಿದಾಗ ಅಥವಾ ಕನಸಿನ ನಿದ್ದೆಯಲ್ಲಿ ಗಂಟಲು ಹೆಚ್ಚು ಮುಚ್ಚಿಕೊಳ್ಳುವುದರಿಂದ ಅದು ಒತ್ತಡ ಏರಿಸುತ್ತದೆ. ಒತ್ತಡ 6 ಇದ್ದಾಗ ಸರಿಯಾಗಿ ಕೂತ ಮಾಸ್ಕ್ 12ಕ್ಕೇರಿದಾಗ ಎದ್ದುಬಿಡಬಹುದು. ಹಲವು ಯಂತ್ರಗಳಲ್ಲಿ ಮಾಸ್ಕ್ ಫಿಟ್ ಎಂಬ ಪರೀಕ್ಷೆಯಿದೆ, ಅದು ಕೆಲವು ಕ್ಷಣ ಹೆಚ್ಚಿನ ಒತ್ತಡದಲ್ಲಿ ಗಾಳಿ ಬಿಡುತ್ತದೆ. ಹೊಂದಿಸುವಾಗ ಅದನ್ನೇ ಬಳಸಿ.

ಮಾಸ್ಕ್‌ನ ಮುಂಭಾಗದ ಸಣ್ಣ ರಂಧ್ರಗಳಿಂದ ಹೊರಬರುವ ಗಾಳಿಯನ್ನು ಸೋರಿಕೆಯೆಂದು ತಿಳಿದು ಮುಚ್ಚಬೇಡಿ. ನಾವು ಬಿಟ್ಟ ಇಂಗಾಲದ ಡೈಆಕ್ಸೈಡ್ ಹೊರಹೋಗಲೆಂದೇ ಅವು ಇವೆ. ರೆಸ್‌ಮೆಡ್ ಕಂಪನಿಯ ಯಂತ್ರಗಳು ಈ ಗಾಳಿಯನ್ನು ಕಳೆದು ಬೇಡದ ಸೋರಿಕೆಯನ್ನಷ್ಟೇ ತೋರಿಸುತ್ತವೆ, ನಿಮಿಷಕ್ಕೆ 24 ಲೀಟರ್ ದಾಟಿದರೆ ಅದನ್ನು ಹೆಚ್ಚಿನ ಸೋರಿಕೆಯೆಂದು ಪರಿಗಣಿಸುತ್ತಾರೆ. ಒಟ್ಟು ಗಾಳಿಯನ್ನೇ ತೋರಿಸುವ ಯಂತ್ರಗಳೂ ಇರುವುದರಿಂದ, ಬೇರೆಯವರ ಅಂಕಿಯೊಡನೆ ಹೋಲಿಸಿ ಗಾಬರಿಯಾಗಬೇಡಿ. ಸೋರಿಕೆ ತುಂಬಾ ಹೆಚ್ಚಾದಾಗ ಯಂತ್ರಕ್ಕೆ ಉಸಿರಿನ ಏರಿಳಿತವೇ ಸರಿಯಾಗಿ ಗೊತ್ತಾಗುವುದಿಲ್ಲ, ಆದ್ದರಿಂದ ಆ ರಾತ್ರಿಗಳ ಎಎಚ್‌ಐಯನ್ನು, ಅದು ಕಡಿಮೆಯಿದ್ದರೂ, ಪೂರ್ತಿ ನಂಬಲಾಗದು.

ಬಾಯಿ ಒಣಗುವುದನ್ನು ಬೇರೆಯಾಗಿಯೇ ನೋಡಬೇಕು. ಬಾಯಿ ತೆರೆದುಕೊಂಡು ಅಲ್ಲಿಂದಲೂ ಗಾಳಿ ಹೋಗುತ್ತಿರಬಹುದು. ಕೂಡಲೇ ಬಾಯಿ ಮೂಗು ಎರಡನ್ನೂ ಮುಚ್ಚುವ ಮಾಸ್ಕ್‌ಗೆ ಹೋಗಿ ಎಂದು ನಾನು ಹೇಳುವುದಿಲ್ಲ, ಏಕೆಂದರೆ ಅದರ ಅಂಚು ಉದ್ದವಾದ್ದರಿಂದ ಸೋರುವ ಜಾಗವೂ ಹೆಚ್ಚು. ಮೊದಲು ಮೂಗು ಕಟ್ಟುತ್ತಿದೆಯೇ ನೋಡಿ, ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರಿನ ಮಟ್ಟವನ್ನು ಸ್ವಲ್ಪ ಹೆಚ್ಚಿಸಿ. ಬಾಯಿಗೆ ಟೇಪ್ ಅಂಟಿಸುವ ಸಲಹೆಗಳಿಗೆ ದಯವಿಟ್ಟು ಕಿವಿಗೊಡಬೇಡಿ. ಮೂಗು ಕಟ್ಟಿದರೆ ಅಥವಾ ವಾಂತಿಯಾದರೆ ಅಪಾಯ. ಒತ್ತಡವನ್ನೂ ವೈದ್ಯರನ್ನು ಕೇಳದೆ ಬದಲಿಸಬೇಡಿ.

ಉತ್ತರ 3

ಒಂದೇ ಒಂದು ಪ್ರಶ್ನೆ. ನಿಮ್ಮ ತಂದೆಯವರು ಹಲ್ಲಿನ ಸೆಟ್ ಹಾಕುತ್ತಾರೆಯೇ? ನಮ್ಮ ಅತ್ತೆಯವರು ಮಾಸ್ಕ್ ಅಳತೆ ಕೊಟ್ಟದ್ದು ಸೆಟ್ ಹಾಕಿಕೊಂಡು, ಮಲಗುತ್ತಿದ್ದದ್ದು ಅದನ್ನು ತೆಗೆದಿಟ್ಟು. ಸೆಟ್ ತೆಗೆದರೆ ಮೇಲ್ತುಟಿ ಒಳಗೆ ಹೋಗುತ್ತದೆ, ಕುಶನ್‌ಗೆ ಆಸರೆಯೇ ಇರುವುದಿಲ್ಲ.

ಪ್ರಶ್ನೆ ಕೇಳಿದವರಿಂದ, ಎರಡು ವಾರಗಳ ನಂತರ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ತಂದೆಯವರಿಗೆ ಮೇಲಿನ ಹಲ್ಲಿನ ಸೆಟ್ ಇದೆ, ರಾತ್ರಿ ತೆಗೆದಿಡುತ್ತಾರೆ. ಇದು ನಮಗೆ ಹೊಳೆದೇ ಇರಲಿಲ್ಲ. ಸೆಟ್ ಇಲ್ಲದೆ, ಮಲಗಿಸಿಯೇ ಮತ್ತೆ ಅಳತೆ ನೋಡಿದಾಗ ಕುಶನ್ ಒಂದು ಅಳತೆ ದೊಡ್ಡದಾಗಿದ್ದದ್ದು ತಿಳಿಯಿತು. ಸಣ್ಣದನ್ನು ಹಾಕಿ ಪಟ್ಟಿಗಳನ್ನು ಮೊದಲಿಗಿಂತ ಸಾಕಷ್ಟು ಸಡಿಲವಾಗಿಟ್ಟಿದ್ದೇವೆ. ಕಣ್ಣಿಗೆ ಗಾಳಿ ಬೀಸುವುದು ನಿಂತಿದೆ, ಮೂಗಿನ ಮೇಲಿನ ಬರೆ ಮಾಸಿದೆ, ಕಳೆದ ಹತ್ತು ರಾತ್ರಿಗಳಲ್ಲಿ ಎಎಚ್‌ಐ ಒಮ್ಮೆಯೂ 5 ದಾಟಿಲ್ಲ. ಮೂಗು ಕಟ್ಟಿದ ದಿನ ಮಾತ್ರ ಬಾಯಿ ಈಗಲೂ ಒಣಗುತ್ತದೆ. ಅದಕ್ಕಾಗಿ ಬರುವ ವಾರ ಮೂಗಿನ ತಜ್ಞರನ್ನು ಕಾಣಲಿದ್ದೇವೆ. ಮೊನ್ನೆ ರಾತ್ರಿ ಸದ್ದು ಕೇಳಿ ನಾನು ಎದ್ದು ಹೋಗುವಷ್ಟರಲ್ಲಿ, ಅವರೇ ಮಾಸ್ಕನ್ನು ಬೆರಳಿನಷ್ಟು ಮುಂದೆಳೆದು ಮತ್ತೆ ಕೂರಿಸಿ ಮಗ್ಗುಲು ಬದಲಿಸಿದ್ದರು.