ಲೀಗಲ್ ಸ್ಟಡೀಸ್ ಪರೀಕ್ಷೆ ಮುಗೀತು, ಉತ್ತರ ತಾಳೆ ಹಾಕಿ ತಲೆ ಕೆಟ್ಟಿದೆ. ಉತ್ತರಪತ್ರಿಕೆ ಫೋಟೊಕಾಪಿ ತರಿಸಿದೋರು ಅನುಭವ ಹೇಳಿ

ಕಾಮರ್ಸ್ ಹುಡುಗಿ, ಬೆಂಗಳೂರು
ಸಿಬಿಎಸ್‌ಇ ಹನ್ನೆರಡನೇ ಕ್ಲಾಸ್. ಇವತ್ತು ಲೀಗಲ್ ಸ್ಟಡೀಸ್ ಆಯ್ತು. ಹೊರಗೆ ಬಂದು ಎಲ್ಲರೂ ಕ್ವೆಶ್ಚನ್ ಪೇಪರ್ ಹಿಡ್ಕೊಂಡು ಗೇಟ್ ಹತ್ರ ನಿಂತ್ವಿ. ಒಂದು ಸ್ಕೂಲ್ ಪಕ್ಕದಲ್ಲೇ ಇನ್ನೊಬ್ಬರು ಸ್ಕೂಲ್ ತೆಗೆದು ಫೀಸ್ ಇಳಿಸಿದ್ರೆ ಹಳೇ ಸ್ಕೂಲ್‌ನೋರು ಪರಿಹಾರ ಕೇಳ್ಬಹುದಾ ಅಂತ ಒಂದು ಪ್ರಶ್ನೆ. ನಾನು ಡ್ಯಾಮ್ನಮ್ ಸೈನೆ ಇಂಜೂರಿಯಾ (ನಷ್ಟ ಇದೆ, ಹಕ್ಕಿಗೆ ಧಕ್ಕೆ ಇಲ್ಲ) ಬರ್ದೆ, ಕ್ಲಾಸ್ ಟಾಪರ್ ಇಂಜೂರಿಯಾ ಸೈನೆ ಡ್ಯಾಮ್ನೊ (ಹಕ್ಕಿಗೆ ಧಕ್ಕೆ ಇದೆ, ನಷ್ಟ ಇಲ್ಲ) ಅಂತಾಳೆ. ಫ್ಯಾಕ್ಟರಿ ಗ್ಯಾಸ್ ಲೀಕ್ ಪ್ರಶ್ನೆಗೆ ನನ್ದು ಆಬ್ಸಲ್ಯೂಟ್ ಲಯಬಿಲಿಟಿ (ಯಾವ ನೆಪಾನೂ ನಡೆಯದ ಹೊಣೆ), ಉಳ್ದೋರದ್ದು ಸ್ಟ್ರಿಕ್ಟ್ (ಕೆಲವು ನೆಪ ನಡೆಯೋ ಹೊಣೆ). ರಿಸಲ್ಟ್ ಆದ್ಮೇಲೆ ಕಾಪಿ ತರಿಸಿ ರೀವ್ಯಾಲ್ಯುಯೇಶನ್ ಹಾಕಿದೋರಿಗೆ ಉಪಯೋಗ ಆಯ್ತಾ? ನನಗೆ ಲಾ ಓದ್ಬೇಕು, ಅಪ್ಪ ಈಗ್ಲೇ ಬಿಕಾಂ ಅಂತ ಶುರು ಮಾಡಿದಾರೆ.

ಮೈಸೂರಿನ ಅಮ್ಮ
ನೋಡು ಪುಟ್ಟಿ, ನನ್ನ ಮಗ 2024ರಲ್ಲಿ ಬರ್ದಿದ್ದು. ಆಗ ಮೊದಲು ವೆರಿಫಿಕೇಶನ್‌ಗೆ 500, ಅದು ಮುಗಿದ್ಮೇಲೇ ಫೋಟೊಕಾಪಿಗೆ 700, ಆಮೇಲೆ ರೀವ್ಯಾಲ್ಯುಯೇಶನ್‌ಗೆ ಒಂದೊಂದು ಪ್ರಶ್ನೆಗೂ 100 ರೂಪಾಯಿ. ವೆರಿಫಿಕೇಶನ್ ಅಂದ್ರೆ ಟೋಟಲ್ ಸರಿ ಇದ್ಯಾ, ಯಾವ ಉತ್ತರನಾದ್ರೂ ನೋಡ್ದೆ ಬಿಟ್ಟಿದಾರಾ ಅಷ್ಟೇ, ಉತ್ತರ ಸರಿನಾ ತಪ್ಪಾ ಅಂತ ಯಾರೂ ಮತ್ತೆ ಓದಲ್ಲ. ಅದ್ರಲ್ಲಿ ಏನೂ ಬದಲಾಗ್ಲಿಲ್ಲ. ಕಾಪಿ ಬಂದ ದಿನ ಊಟ ಬಿಟ್ಟು ಮಾರ್ಕಿಂಗ್ ಸ್ಕೀಮ್ ಪಕ್ಕದಲ್ಲಿಟ್ಕೊಂಡು ಸಾಲು ಸಾಲು ನೋಡಿದ್ವಿ, ರಾಜಿ ಮಾಡಿಸೋ ಲೋಕ ಅದಾಲತ್ ಉತ್ತರದಲ್ಲಿ 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆ, ಉಚಿತ ಕಾನೂನು ನೆರವಿನ ಆರ್ಟಿಕಲ್ 39ಎ ಎಲ್ಲಾ ಅಂಡರ್‌ಲೈನ್ ಮಾಡಿ ಬರ್ದಿದಾನೆ, ಆದ್ರೂ ಅರ್ಧ ಮಾರ್ಕ್ಸೇ. ನಾಲ್ಕು ಪ್ರಶ್ನೆಗೆ 400 ಕಟ್ಟಿದ್ವಿ. 500, 700, 400, ಒಟ್ಟು 1600 ಒಂದೇ ಸಬ್ಜೆಕ್ಟಿಗೆ, ಸೈಬರ್ ಸೆಂಟರ್‌ನೋನು ಪ್ರತಿ ಸಲ ತಗೊಂಡಿದ್ದು ಬೇರೆ. ಒಂದ್ರಲ್ಲಿ ಎರಡು ಹೆಚ್ಚಾಯ್ತು ಇನ್ನೊಂದ್ರಲ್ಲಿ ಒಂದು ಇಳೀತು, ಇಳಿದ್ರೆ ಅದನ್ನೂ ಒಪ್ಕೋಬೇಕು ಅಂತ ಮೊದ್ಲೇ ರೂಲ್ ಇದೆ. ಪ್ರಾಜೆಕ್ಟಿನ 20ರಲ್ಲಿ ಸ್ಕೂಲ್‌ನೋರು ಕಡಿಮೆ ಹಾಕಿದ್ರು, ಅದಕ್ಕಂತೂ ರೀವ್ಯಾಲ್ಯುಯೇಶನ್ ಅನ್ನೋದೇ ಇಲ್ಲ. ನನಗೆ ಇವತ್ತಿಗೂ ಹೊಟ್ಟೆ ಉರಿಯೋದು ಅದೊಂದಕ್ಕೇ.

ಧಾರವಾಡದಾಂವ, ಎಲ್‌ಎಲ್‌ಬಿ
ಇದಕ್ಕರಿ ನಾ ಮೊದಲಿಂದ ಹೇಳೋದು, ಪಿಯುಸಿ ಮಾಡಿಸ್ರಿ ಅಂತ. ನಮ್ಮಲ್ಲಿ ಲೀಗಲ್ ಸ್ಟಡೀಸ್ ಇಲ್ಲ, ಖರೆ, ನಾ ಪೊಲಿಟಿಕಲ್ ಸೈನ್ಸ್ ಓದಿದಾಂವ. ಆದ್ರ ಪರೀಕ್ಷಾ ಮುಗಿದ ಮ್ಯಾಲೆ ಕೀ ಆನ್ಸರ್ ಬೋರ್ಡಿನವ್ರೇ ಬಿಡ್ತಾರ, ಗೇಟ್ ಮುಂದ ನಿಂತು ಜಗಳಾಡೋದು ಬ್ಯಾಡ. 2024ರಾಗ ವರ್ಷಕ್ಕ ಮೂರು ಪರೀಕ್ಷಾ ಶುರು ಮಾಡಿದ್ರು, ಯಾವುದ್ರಾಗ ಜಾಸ್ತಿ ಬಂತೋ ಅದನ್ನ ಇಟ್ಕೋಬಹುದಿತ್ತು. ನಾ ಐದು ವರ್ಷದ ಕೋರ್ಸಿಗೆ ಹುಬ್ಬಳ್ಳಿ ಲಾ ಯೂನಿವರ್ಸಿಟಿ ಕೆಳಗಿನ ಕಾಲೇಜಿಗೆ ಪಿಯುಸಿ ಮಾರ್ಕ್ಸ್ ಮ್ಯಾಲೇ ಸೇರೀನಿ, ಕೋಚಿಂಗಿಗೆ ಒಂದು ರೂಪಾಯಿ ಕೊಟ್ಟಿಲ್ಲ. ಈಗ ಕೋರ್ಟಿಗೆ ಹೊಂಟೀನಿ, ಮನ್ಯಾಗ ಎಲ್ಲಾರೂ ಖುಷಿ ಅದಾರ.

ಮೈಸೂರಿನ ಅಮ್ಮ
ನಿಮ್ಮ ಪಿಯುಸಿಲಿ ಸ್ಕ್ಯಾನ್ ಕಾಪಿಗೆ 530, ರೀವ್ಯಾಲ್ಯುಯೇಶನ್‌ಗೆ ಸಬ್ಜೆಕ್ಟಿಗೆ 1670, ಅದನ್ನೂ ಹೇಳಿ ಸರ್. ನನ್ನ ತಂಗಿ ಮಗಳಿಗೆ ಕಟ್ಟಿದೀವಿ, ಗೊತ್ತು ನನಗೆ.

ಧಾರವಾಡದಾಂವ, ಎಲ್‌ಎಲ್‌ಬಿ
ಕಟ್ರಿ ಅಂತ ಯಾರ್ ಹೇಳ್ಯಾರ ಮೇಡಮ್? ಎರಡನೇ ಪರೀಕ್ಷಾಕ್ಕ ಕೂಡಿಸ್ಬೇಕಿತ್ತು. ಲೋಕ ಅದಾಲತ್ ಉತ್ತರಕ್ಕ ಅರ್ಧ ಮಾರ್ಕ್ಸ್ ಬಂದದ್ದಕ್ಕ ಕಾರಣ ಇರ್ತದ, ಅಪೀಲ್ ಹೋಗಬಹುದು ಅಂತೇನರ ಬರ್ದಿದ್ನೇನು ನಿಮ್ಮ ಹುಡುಗ? ಅಲ್ಲಿ ರಾಜಿ ಆದ ಮ್ಯಾಲೆ ಸಿವಿಲ್ ಕೋರ್ಟ್ ಡಿಕ್ರಿ (ತೀರ್ಪಿನ ಆದೇಶ) ಆದಂಗ, ಅದ ಕಾಯ್ದೆದ ಸೆಕ್ಷನ್ 21, ಅಪೀಲ್ ಇಲ್ಲ.

ಮೈಸೂರಿನ ಅಮ್ಮ
ಅಪೀಲ್ ಇಲ್ಲ ಅಂತಲೇ ಬರ್ದಿದಾನೆ, ಕಾಪಿ ನನ್ನ ಹತ್ರ ಇದೆ. ನೋಡದೇ ಇರೋ ಉತ್ತರಕ್ಕೆ ತೀರ್ಪು ಕೊಡ್ಬೇಡಿ.

ಕ್ಲಾಟ್ ಬರ್ದೋಳು
ಇಬ್ಬರೂ ಸ್ವಲ್ಪ ನಿಲ್ಲಿಸ್ತೀರಾ. ಬೋರ್ಡ್ ಮಾರ್ಕ್ಸ್ ಬಗ್ಗೆ ಇಷ್ಟು ಒದ್ದಾಟ ಯಾಕೆ ಅಂತ ನನಗೆ ಅರ್ಥನೇ ಆಗಲ್ಲ. ಕ್ಲಾಟ್‌ಗೆ, ಅಂದ್ರೆ ನ್ಯಾಷನಲ್ ಲಾ ಸ್ಕೂಲ್‌ಗಳ ಎಂಟ್ರೆನ್ಸ್‌ಗೆ, ಜನರಲ್‌ನೋರಿಗೆ ಹನ್ನೆರಡನೇ ಕ್ಲಾಸಲ್ಲಿ 45 ಪರ್ಸೆಂಟ್ ಇದ್ರೆ ಆಯ್ತು. 120 ಪ್ರಶ್ನೆ, ಎರಡು ಗಂಟೆ, ತಪ್ಪಿಗೆ ಕಾಲು ಮಾರ್ಕ್ ಕಟ್, ಸೀಟ್ ನಿರ್ಧಾರ ಆಗೋದು ಅಲ್ಲಿ. ನಾನು ಬೋರ್ಡ್ ಟೈಮಲ್ಲೂ ದಿನಾ ಪೇಪರ್ ಓದಿ ಪ್ಯಾಸೇಜ್ ಮಾಡ್ತಿದ್ದೆ, ಮನೇಲಿ ಎಲ್ಲರೂ ಬೈದ್ರು, ಈಗ ನ್ಯಾಷನಲ್ ಲಾ ಸ್ಕೂಲ್ ಒಂದ್ರಲ್ಲಿ ಓದ್ತಿದೀನಿ. ಕೋಚಿಂಗ್‌ಗೆ ಲಕ್ಷದ ಮೇಲೆ ಹೋಯ್ತು, ಒಪ್ತೀನಿ, ಅಪ್ಪ ಎಫ್‌ಡಿ ಮುರಿದ್ರು, ಮಾಕ್ ಟೆಸ್ಟ್ ಪ್ಯಾಕೇಜ್ ಬೇರೆ, ಪುಸ್ತಕ ಬೇರೆ, ಹಾಸ್ಟೆಲ್ ಡೆಪಾಸಿಟ್ ಬೇರೆ. ಆದ್ರೂ ನಂದು ಸರಿಯಾದ ದಾರಿನೇ.

ಉತ್ತರ ಹೇಳ್ತೀನಿ ಕೇಳು. ಸ್ಕೂಲ್ ಪ್ರಶ್ನೆ 1410ರ ಗ್ಲಾಸ್ಟರ್ ಗ್ರಾಮರ್ ಸ್ಕೂಲ್ ಕೇಸೇ. ನಷ್ಟ ಆಗಿದೆ ಆದ್ರೆ ಹಕ್ಕಿಗೆ ಧಕ್ಕೆ ಆಗಿಲ್ಲ, ಪರಿಹಾರ ಇಲ್ಲ. ನಿನ್ನದೇ ಸರಿ. ಟಾಪರ್ ಹೇಳ್ತಿರೋದು 1703ರ ಆಶ್ಬಿ ವರ್ಸಸ್ ವೈಟ್‌ಗೆ. ಆಶ್ಬಿಗೆ ಓಟ್ ಹಾಕೋಕೆ ಬಿಡ್ಲಿಲ್ಲ, ಅವನ ಕ್ಯಾಂಡಿಡೇಟ್ ಗೆದ್ದೇ ಗೆದ್ದ, ಕೈಯಿಂದ ಏನೂ ಹೋಗ್ಲಿಲ್ಲ, ಆದ್ರೂ ಪರಿಹಾರ ಸಿಕ್ತು.

ಕಾಸರಗೋಡಿನವ
ಗ್ಯಾಸ್ ಲೀಕಿನದ್ದು ಯಾರೂ ಹೇಳ್ಲಿಲ್ಲ ಅಲ್ವಾ ಮಾರ್ರೆ. ಸ್ಟ್ರಿಕ್ಟ್ ಅಂದ್ರೆ 1868ರ ರೈಲೆಂಡ್ಸ್ ವರ್ಸಸ್ ಫ್ಲೆಚರ್, ಅದ್ರಲ್ಲಿ ದೇವರ ಕೃತ್ಯ (ಪ್ರಕೃತಿ ವಿಕೋಪ), ಮೂರನೆಯವರ ಕೆಲಸ ಅಂತ ತಪ್ಪಿಸ್ಕೊಳ್ಳಲಿಕ್ಕೆ ದಾರಿ ಉಂಟು. 1985ರಲ್ಲಿ ದೆಹಲಿಯ ಶ್ರೀರಾಮ್ ಫ್ಯಾಕ್ಟರಿಯಿಂದ ಓಲಿಯಂ ಸೋರಿದ ಮೇಲೆ ಎಂ.ಸಿ. ಮೆಹ್ತಾ ಕೇಸಲ್ಲಿ ಭಗವತಿಯವರ ಪೀಠ ಆ ದಾರಿ ಎಲ್ಲ ಮುಚ್ಚಿತು. ಆ ಓಲಿಯಂ ಸೋರಿದಾಗ ಭೋಪಾಲ್ ಗ್ಯಾಸ್ ದುರಂತ ಆಗಿ ಒಂದು ವರ್ಷ ಅಷ್ಟೇ ಆಗಿತ್ತು. ಅಪಾಯದ ಕೆಲಸ ಮಾಡುವ ಕಂಪನಿ ನೆಪ ಹೇಳುವ ಹಾಗಿಲ್ಲ. ಇಂಡಿಯಾದ ಫ್ಯಾಕ್ಟರಿ, ವಿಷದ ಗ್ಯಾಸ್ ಅಂತ ಪ್ರಶ್ನೆಯಲ್ಲಿ ಇದ್ರೆ ಆಬ್ಸಲ್ಯೂಟೇ.

ನನ್ನ ಬೇಜಾರು ಬೇರೆ. ನಾನು ಪರೀಕ್ಷೆಯಲ್ಲಿ ಸಂವಿಧಾನದ ಮೂಲ ರಚನೆ (ಬೇಸಿಕ್ ಸ್ಟ್ರಕ್ಚರ್) ಬದಲಾಯಿಸುವ ಹಾಗಿಲ್ಲ ಎಂಬ ಕೇಶವಾನಂದ ಭಾರತಿ ಕೇಸ್ ಬರೆಯುವಾಗ ನಮ್ಮ ಎಡನೀರು ಮಠದ ಸ್ವಾಮೀಜಿ, ಕೇರಳದ ಭೂಸುಧಾರಣೆ, 13 ಜಡ್ಜ್, 7-6 ಬಹುಮತದ ತೀರ್ಪು, ಎಲ್ಲ ಬರೆದಿದ್ದೆ. ತಿದ್ದಿದವರು ಮಠದ ಸಾಲಿಗೆ ಗೀಟು ಹಾಕಿ ಅನಗತ್ಯ ಅಂತ ಬರೆದಿದ್ರು. ನಮ್ಮ ಮನೆಯಿಂದ ಹೋಗಿ ಬರುವಷ್ಟು ಹತ್ತಿರದ ಮಠ ಅದು. ಕಾಪಿ ತರಿಸಿದ್ದಕ್ಕೆ ಆ ಗೀಟು ನೋಡುವ ಭಾಗ್ಯ.

ಧಾರವಾಡದಾಂವ, ಎಲ್‌ಎಲ್‌ಬಿ
ಬೇಸಿಕ್ ಸ್ಟ್ರಕ್ಚರ್ ಬರೀರಿ ಅಂದ್ರ ಮಠದ ಕತಿ ಬರದ್ರ ಗೀಟ್ ಹಾಕ್ದೇ ಇರ್ತಾರೇನ್ರಿ. ರಾಜ್ಯ ಸರ್ಕಾರ ವಜಾ ಮಾಡಿ ರಾಷ್ಟ್ರಪತಿ ಆಳ್ವಿಕೆ ಹೇರೋದರ ಮ್ಯಾಲಿನ ನಮ್ಮ ಬೊಮ್ಮಾಯಿ ಕೇಸ್ 1994, ಒಂಬತ್ತು ಜಡ್ಜ್, ಅದನ್ನ ಸೇರಿಸ್ಬೇಕಿತ್ತು.

ಕಾಸರಗೋಡಿನವ
ಕೇಸ್ ಹಾಕಿದವರು ಯಾರು ಅಂತ ಬರೆಯುವುದು ಕತೆ ಅಲ್ಲ. ನಿಮ್ಮ ಊರಿನ ಕೇಸಾದ್ರೆ ಸೇರಿಸ್ಬೇಕು, ನಮ್ಮ ಊರಿನದ್ದಾದ್ರೆ ಗೀಟು, ಅಲ್ವಾ?

ಕಾಮರ್ಸ್ ಹುಡುಗಿ, ಬೆಂಗಳೂರು
ಆಂಟಿ, ಈಗ ಆರ್ಡರ್ ಬೇರೆ ಆಗಿದೆಯಂತೆ, 2025ರಿಂದ ಮೊದಲು ಕಾಪಿ, ಅದನ್ನ ನೋಡ್ಕೊಂಡು ಆಮೇಲೆ ವೆರಿಫಿಕೇಶನ್ನೋ ರೀವ್ಯಾಲ್ಯುಯೇಶನ್ನೋ. ಅಕ್ಕ, ಆಶ್ಬಿ ಕೇಸ್ ಟಾಪರ್‌ಗೆ ಕಳಿಸ್ದೆ, ಇನ್ನೂ ರಿಪ್ಲೈ ಮಾಡಿಲ್ಲ.

ಮೈಸೂರಿನ ಅಮ್ಮ
ಹಾಗಾದ್ರೆ ಕಾಪಿ ಒಂದು ತರಿಸು, ಆ ವೆರಿಫಿಕೇಶನ್ 500 ಮೊದ್ಲೇ ಕಟ್ಟೋದು ತಪ್ಪುತ್ತೆ. ಮತ್ತೆ ಧಾರವಾಡದ ಸರ್, ನಮ್ಮ ಹುಡುಗನ ಉತ್ತರದ ಫೋಟೊ ಹಾಕ್ತೀನಿ, ಸೆಕ್ಷನ್ 21 ಎಲ್ಲಿ ತಪ್ಪಿದೆ ತೋರಿಸಿ.